ಕೆರೆ ಏರಿಯಲ್ಲಿ ಒಸರುವ ನೀರೆಷ್ಟು?

ಪ್ರಶ್ನೆ: ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲೆಂದು ತೋಟದ ಕೆರೆಯಲ್ಲಿ ನೀರು ನಿಲ್ಲಿಸಿದ್ದೇವೆ. ಮಣ್ಣಿನ ಏರಿ 40 ಮೀಟರ್ ಉದ್ದ, ನೀರು 3 ಮೀಟರ್ ಆಳ. ಕೆಳಗಿನ ಗದ್ದೆ ಫೆಬ್ರವರಿಯಲ್ಲೂ ಒದ್ದೆ. ದಿನಕ್ಕೆ ಎಷ್ಟು ನೀರು ಒಸರಿ ಹೋಗುತ್ತಿರಬಹುದು?
– ಓದುಗರು, ಗೋಣಿಕೊಪ್ಪ

ಉತ್ತರ: ಏರಿಯ ಅಗಲ ನೀವು ಬರೆದಿಲ್ಲ. ನೀರು ಹೊಕ್ಕು ಹೊರಬರುವ ದಾರಿ ಸರಾಸರಿ 9 ಮೀಟರ್, ಕೆರೆಯ ತಳ ನೀರು ಬಿಡದ ಗಟ್ಟಿ ನೆಲ ಎಂದಿಟ್ಟುಕೊಳ್ಳೋಣ. ಮಣ್ಣು, ಮರಳಿನ ಮೂಲಕ ನೀರು ಹರಿಯುವ ಬಗೆಗೆ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮದಿಂದ ಬಂದ ಸೂತ್ರ ಸುಲಭ: ನೀರಿನ ಆಳದ ವರ್ಗವನ್ನು ದಾರಿಯ ಎರಡರಷ್ಟರಿಂದ ಭಾಗಿಸಿ, ಮಣ್ಣಿನ ಪಾರಗಮ್ಯತೆಯಿಂದಲೂ (ಮಣ್ಣು ತನ್ನ ಮೂಲಕ ನೀರು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬ ಅಳತೆ) ಏರಿಯ ಉದ್ದದಿಂದಲೂ ಗುಣಿಸಿ. ಪಾರಗಮ್ಯತೆ ಸೆಕೆಂಡಿಗೆ 0.000001 ಮೀಟರ್ ಇದ್ದರೆ ದಿನಕ್ಕೆ ಸುಮಾರು 1,730 ಲೀಟರ್.

ಅಳತೆಯಲ್ಲಿ ಅರ್ಧ ಮೀಟರ್ ಹೆಚ್ಚುಕಮ್ಮಿಯಾದರೆ ದೊಡ್ಡ ಮಾತಲ್ಲ. ಪಾರಗಮ್ಯತೆ ಹತ್ತು ಪಟ್ಟು ತಪ್ಪಿದರೆ ಉತ್ತರವೂ ಹತ್ತು ಪಟ್ಟು ತಪ್ಪು. ಪುಸ್ತಕದ ಪಟ್ಟಿ ನೋಡಿ ಆರಿಸಿದರೆ ಹಾಗಾಗುವುದೇ ಹೆಚ್ಚು. ಆದ್ದರಿಂದ ಅಳೆದೇ ನೋಡಿ. ಒಂದು ಮೀಟರ್ ಪಿವಿಸಿ ಪೈಪನ್ನು ಏರಿಯ ಮಣ್ಣಿಗೆ ಅಡ್ಡಲಾಗಿ ಹೊಡೆದು 10 ಸೆಂಟಿಮೀಟರ್ ಮಣ್ಣು ಹಿಡಿಯಿರಿ. ಅಡ್ಡಲಾಗಿಯೇ ಏಕೆಂದರೆ ಪದರ ಪದರವಾಗಿ ದಮ್ಮಸು ಮಾಡಿದ ಮಣ್ಣು ಅಡ್ಡಕ್ಕೆ ಹೆಚ್ಚು ನೀರು ಬಿಡುತ್ತದೆ. ಮಣ್ಣು ಉದುರದಂತೆ ತುದಿಗೆ ಬಟ್ಟೆ ಕಟ್ಟಿ, ಪೈಪನ್ನು ಬಕೆಟ್ಟಿನಲ್ಲಿ ನಿಲ್ಲಿಸಿ. ಒಂದು ದಿನ ಕೆಳಗಿನಿಂದ ಮೇಲಕ್ಕೆ ನೀರು ಹೀರಲು ಬಿಡಿ. ಮೇಲಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಪಾರಗಮ್ಯತೆ ಕಡಿಮೆ ತೋರುತ್ತದೆ. ಆಮೇಲೆ ಬಕೆಟ್ ನೀರಿನ ಮಟ್ಟದಿಂದ 60 ಸೆಂಟಿಮೀಟರ್ ಎತ್ತರಕ್ಕೆ ಪೈಪಿನೊಳಗೆ ನೀರು ತುಂಬಿ, ಬಾಯಿ ಸಡಿಲವಾಗಿ ಮುಚ್ಚಿ, ಅದು 30ಕ್ಕೆ ಇಳಿಯಲು ಹಿಡಿದ ಸಮಯ ಬರೆದಿಡಿ. ಮಣ್ಣಿನ ಉದ್ದವನ್ನು (0.1 ಮೀಟರ್) 0.693ರಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿದರೆ ಪಾರಗಮ್ಯತೆ ಸಿಕ್ಕಿತು. ಮೇಲಿನ ಅಂಕಿ ಬರಬೇಕಾದರೆ 19 ಗಂಟೆ ಹಿಡಿಯಬೇಕು. ಗಂಟೆಯೊಳಗೇ ಇಳಿದರೆ ನೀರು ಪೈಪಿನ ಗೋಡೆಯುದ್ದಕ್ಕೂ ಸೋರುತ್ತಿರಬಹುದು, ಅಂಚಿಗೆ ಜೇಡಿಮಣ್ಣು ಮೆತ್ತಿ ಮತ್ತೆ ಮಾಡಿ. ಮೂರು ಕಡೆಯ ಮಣ್ಣು ನೋಡುವುದು ಒಳ್ಳೆಯದು.

ಲೆಕ್ಕ ಸರಿಯೇ ಎಂದು ತಿಳಿಯಲು, ಮಳೆಯಿಲ್ಲದ ವಾರದಲ್ಲಿ ಏರಿಯ ಬುಡದ ಒಸರನ್ನೆಲ್ಲ ಒಂದು ಕಾಲುವೆಗೆ ಸೇರಿಸಿ 20 ಲೀಟರ್ ಬಕೆಟ್ ಹಿಡಿಯಿರಿ. ದಿನಕ್ಕೆ 1,730 ಲೀಟರ್ ಎಂದಾದರೆ 17 ನಿಮಿಷದ ಆಸುಪಾಸಿನಲ್ಲಿ ತುಂಬಬೇಕು. ಎರಡೇ ನಿಮಿಷಕ್ಕೆ ತುಂಬಿದರೆ ಏಡಿ ಬಿಲವೋ ಕೊಳೆತ ಬೇರಿನ ದಾರಿಯೋ ಇರುವ ಸಂಶಯ. ಅಂಥ ಹರಿವಿಗೆ ಡಾರ್ಸಿಯ ನಿಯಮ ನಡೆಯದು. ನೀರು ಕೆಂಪಗೆ ಬಂದರೆ ಏರಿಯ ಮಣ್ಣೇ ಕೊಚ್ಚಿಹೋಗುತ್ತಿದೆ. ಲೆಕ್ಕ ಬದಿಗಿಟ್ಟು ಮೊದಲು ಕೆರೆಯ ಮಟ್ಟ ಇಳಿಸಿ.