ಬಿ.ಎ.ಗೆ ಸೇರುತ್ತೇನೆಂದರೆ ಮನೆಯಲ್ಲಿ ಒಪ್ಪುತ್ತಿಲ್ಲ

ಪ್ರಶ್ನೆ: ದ್ವಿತೀಯ ಪಿಯುಸಿಯನ್ನು ವಿಜ್ಞಾನ ವಿಭಾಗದಲ್ಲಿ ಶೇ. 86 ಅಂಕಗಳೊಂದಿಗೆ ಮುಗಿಸಿದ್ದೇನೆ. ಇತಿಹಾಸ ಮತ್ತು ಕನ್ನಡ ಸಾಹಿತ್ಯ ಓದಬೇಕೆಂಬ ಆಸೆ ಹೈಸ್ಕೂಲಿನಿಂದಲೂ ಇದೆ. ‘ಇಷ್ಟು ಅಂಕ ತೆಗೆದವಳು ಬಿ.ಎ.ಗೆ ಸೇರುವುದೇ? ಅದನ್ನು ಓದಿ ಯಾರು ಉದ್ಧಾರವಾಗಿದ್ದಾರೆ?’ ಎಂದು ಅಪ್ಪ ಕೇಳುತ್ತಾರೆ. ವಿಜ್ಞಾನ ಓದಿದವರು ಬಿ.ಎ.ಗೆ ಸೇರಬಹುದೇ? ಅಪ್ಪನಿಗೆ ಏನೆಂದು ಉತ್ತರಿಸಲಿ?
— ಓದುಗರೊಬ್ಬರು, ಶಿಕಾರಿಪುರ ತಾಲ್ಲೂಕು

ಉತ್ತರ: ಧಾರಾಳವಾಗಿ ಸೇರಬಹುದು. ಪಿಯುಸಿಯಲ್ಲಿ ಯಾವ ವಿಭಾಗ ಓದಿದವರಿಗೂ ಬಿ.ಎ. ಬಾಗಿಲು ತೆರೆದಿರುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021-22ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೇ ಮರಳಿರುವುದರಿಂದ, ಲೆಕ್ಕವನ್ನು ಮೂರು ವರ್ಷಕ್ಕೇ ಹಾಕಿಕೊಳ್ಳಿ.

ನಿಮ್ಮ ತಂದೆಯವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಇಂಥ ಪ್ರಶ್ನೆ ಬಂದಾಗ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರ ದೊಡ್ಡ ಹೆಸರುಗಳನ್ನು ಸಾಲಾಗಿ ಹೇಳುವುದು ವಾಡಿಕೆ. ನಾನು ಆ ಕೆಲಸ ಮಾಡುವುದಿಲ್ಲ. ಎಂ. ಹಿರಿಯಣ್ಣ, ಎ. ಆರ್. ವಾಡಿಯಾ, ಬಿ. ಎಂ. ಶ್ರೀಕಂಠಯ್ಯ ಅವರಂಥವರು ಪಾಠ ಹೇಳುತ್ತಿದ್ದ ತರಗತಿಯ ಫಲವನ್ನು ತೋರಿಸಿ, ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು, ಎರಡು ಬೀರು ಪುಸ್ತಕಗಳನ್ನೇ ಗ್ರಂಥಾಲಯವೆಂದು ಕರೆಯುವ ಇಂದಿನ ಕಾಲೇಜಿಗೆ ನಿಮ್ಮನ್ನು ಕಳಿಸಿಕೊಡುವುದು ಪ್ರಾಮಾಣಿಕ ಮಾತಾಗದು. ಬಿ.ಎ. ಪದವಿಗೆ ಬೆಲೆ ಕಡಿಮೆಯಾಗಿದ್ದರೆ ಅದಕ್ಕೆ ಇತಿಹಾಸವಾಗಲಿ ಸಾಹಿತ್ಯವಾಗಲಿ ಕಾರಣವಲ್ಲ. ಅವುಗಳನ್ನು ನಾವು ಓದಿಸುತ್ತಿರುವ ರೀತಿ ಕಾರಣ. ‘ವಿಜಯನಗರ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಗೈಡಿನಲ್ಲಿ ಎಂಟು ಅಂಶಗಳಿರುತ್ತವೆ. ಆ ಎಂಟನ್ನೂ ಉರು ಹೊಡೆದವನಿಗೆ ಪ್ರಥಮ ದರ್ಜೆ ಸಿಗುತ್ತದೆ. ಮೂರು ವರ್ಷ ಹೀಗೆಯೇ ಕಳೆದವನಿಗೆ ಒಂದು ಪುಟ ಅರ್ಜಿಯನ್ನೂ ಸ್ವಂತವಾಗಿ ಬರೆಯಲು ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ನಿಮ್ಮ ತಂದೆಯವರು ಕಂಡಿರುವುದು ಬಹುಶಃ ಇಂಥ ಪದವೀಧರರನ್ನೇ. ಹಾಗಾಗಿ ಅವರ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ.

ಅದೇ ಪಠ್ಯಕ್ರಮದೊಳಗೆ ಬೇರೆ ರೀತಿಯಲ್ಲಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆಯಿದೆ. ನಾನು ಇತಿಹಾಸ ಪಾಠ ಮಾಡುತ್ತಿದ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸೊರಬದ ಕಡೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಅವರೂರಿನ ಕೆರೆಯ ಏರಿಯ ಕೆಳಗೆ ಅರ್ಧ ಹೂತುಹೋದ ಒಂದು ವೀರಗಲ್ಲು. ಅದರ ಬೆನ್ನಿನ ಮೇಲೆ ಊರಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ‘ನಮ್ಮೂರಲ್ಲಿ ಇತಿಹಾಸ ಏನೂ ಇಲ್ಲ ಸರ್’ ಎಂದಿದ್ದವಳಿಗೆ ಆ ಕಲ್ಲಿನ ಬಗ್ಗೆ ಬರೆದುಕೊಂಡು ಬಾ ಎಂದು ಹೇಳಿದೆ. ಅವಳು ತಮ್ಮನನ್ನು ಕರೆದುಕೊಂಡು ಹೋಗಿ, ಮಣ್ಣು ಬಿಡಿಸಿ, ನೀರು ಹಾಕಿ ತೊಳೆದು ನೋಡಿದಾಗ ಮೂರು ಹಂತದ ಶಿಲ್ಪ ಕಾಣಿಸಿತು. ಕೆಳಗಿನ ಹಂತದಲ್ಲಿ ಕಾದಾಟ ಮತ್ತು ದನಗಳ ಸಾಲು, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಹಂತಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳಿದ್ದವು. ಸೊರಬ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೆಯ ಸಂಪುಟದಲ್ಲಿವೆ, ಆ ಸಂಪುಟವನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸುತ್ತಾ ಕೂತಾಗ ‘ತುಱುವಂ ಮಗುೞ್ಚಿ’ ಎಂಬ ಮಾತು ಓದಲು ಸಿಕ್ಕಿತು. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಮರಳಿಸಿ ಎಂದರ್ಥ. ಆ ಎರಡು ಪದಗಳಲ್ಲಿರುವ ಎರಡು ಅಕ್ಷರಗಳು ಇಂದಿನ ನಮ್ಮ ವರ್ಣಮಾಲೆಯಲ್ಲೇ ಇಲ್ಲ ಎಂದು ತಿಳಿದಾಗ ಅವಳಿಗಾದ ಬೆರಗು ನನಗಿನ್ನೂ ನೆನಪಿದೆ.

ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ದನಗಳು ಯಾರವು? ದನಕ್ಕಾಗಿ ಜನ ಸಾಯುವಷ್ಟು ಅವುಗಳಿಗೆ ಬೆಲೆ ಹೇಗೆ ಬಂತು? ಸತ್ತವನು ರಾಜನಲ್ಲ, ಸೇನಾಪತಿಯಲ್ಲ. ಹಾಗಾದರೆ ಕಲ್ಲು ಕೆತ್ತಿಸಿದ ಹಣ ಯಾರದು? ಮೊದಲನೆಯದಕ್ಕೆ ಹಳಗನ್ನಡ ಬೇಕು, ಎರಡನೆಯದಕ್ಕೆ ಅರ್ಥಶಾಸ್ತ್ರ ಬೇಕು, ಮೂರನೆಯದಕ್ಕೆ ಸಮಾಜಶಾಸ್ತ್ರ ಬೇಕು, ಲಿಂಗ ಮತ್ತು ಅಪ್ಸರೆಯರಿಗೆ ಧರ್ಮದ ಚರಿತ್ರೆ ಬೇಕು. ಇಪ್ಪತ್ತು ದಿನ ಓಡಾಡಿ ಅವಳು ಬರೆದದ್ದು ಆರೇ ಪುಟ; ಆ ಆರು ಪುಟವನ್ನೂ ನಾನು ಮೂರು ಸಲ ವಾಪಸು ಕೊಟ್ಟಿದ್ದೆ. ತನಗೆ ಗೊತ್ತಿರುವುದು ಯಾವುದು, ಊಹೆ ಯಾವುದು ಎಂದು ಬೇರ್ಪಡಿಸಿ ಬರೆಯಲು ಅವಳು ಕಲಿತದ್ದು ಆ ಮೂರನೆಯ ಸಲ. ಅವಳೀಗ ತಾಲ್ಲೂಕು ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ರೆಕಾರ್ಡ್ ರೂಮಿನ ಹಳೆಯ ಕೈಬರಹದ ಕಡತಗಳನ್ನು ಯಾರಿಗೂ ಓದಲಾಗದಿದ್ದಾಗ ಅವಳನ್ನೇ ಕರೆಯುತ್ತಾರಂತೆ. ಇದು ಉದ್ಧಾರವೋ ಅಲ್ಲವೋ ಎಂಬುದನ್ನು ನಿಮ್ಮ ತಂದೆಯವರೇ ಹೇಳಲಿ.

ಸಂಬಳದ ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ. ಪದವಿ ಮುಗಿದ ಮರುದಿನ ಕೆಲಸ ಕೊಡುವ ವಿದ್ಯೆ ಇದಲ್ಲ. ಇನ್ನೂ ಎರಡು ಮೂರು ವರ್ಷ ಓದಬೇಕಾಗುತ್ತದೆ ಎಂದುಕೊಂಡೇ ಸೇರಬೇಕು. ಎರಡು ವರ್ಷದ ಬಿ.ಎಡ್., ಪದವಿಯ ನಂತರದ ಮೂರು ವರ್ಷದ ಕಾನೂನು, ಪತ್ರಿಕೋದ್ಯಮ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇವೆಲ್ಲ ನೆಚ್ಚಬಹುದಾದ ದಾರಿಗಳು. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ; ಅದರ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ತಲಾ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ. ಆದರೆ ಆ ಪರೀಕ್ಷೆಯೊಂದನ್ನೇ ನಂಬಿಕೊಂಡು ಬಿ.ಎ.ಗೆ ಸೇರಬೇಡಿ. ಎಂ.ಎ. ಮಾಡಿ, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಮುಗಿಸಿ ಉಪನ್ಯಾಸಕಿಯಾಗುತ್ತೇನೆ ಎನ್ನುವವರಿಗೂ ಒಂದು ಎಚ್ಚರಿಕೆಯಿದೆ: ಕಾಯಂ ಹುದ್ದೆಗೆ ಕಾಯುತ್ತಾ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ನನ್ನ ಶಿಷ್ಯರಲ್ಲೇ ಅನೇಕರಿದ್ದಾರೆ.

ಕಾಲೇಜು ಆರಿಸುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ಗ್ರಂಥಾಲಯದಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಪುಸ್ತಕಗಳನ್ನು ವಿದ್ಯಾರ್ಥಿಗಳೇ ಕೈಯಾರೆ ತೆಗೆದು ನೋಡಬಹುದೋ, ಇಲ್ಲ ಚೀಟಿ ಬರೆದು ಕಿಟಕಿಯ ಮುಂದೆ ನಿಲ್ಲಬೇಕೋ ನೋಡಿ. ಅಲ್ಲಿಯ ವಿದ್ಯಾರ್ಥಿಗಳನ್ನು, ನಿಮ್ಮ ಮೇಷ್ಟ್ರು ನೀವು ಬರೆದದ್ದನ್ನು ತಿದ್ದಿ ಕೊಡುತ್ತಾರೆಯೇ ಎಂದು ಕೇಳಿ. ಸಾಧ್ಯವಾದರೆ ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿ. ನಮಗೆ ಸಾಂಸ್ಕೃತಿಕ ಕನ್ನಡ, ಭಾರತದ ಸಂವಿಧಾನ ಮುಂತಾದ ವಿಷಯಗಳನ್ನು ಕಡ್ಡಾಯ ಮಾಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಸರಿ ಉತ್ತರಕ್ಕೆ ಗುರುತು ಹಾಕಿ ಬರುತ್ತೇವೆ. ಇದರಿಂದ ಯಾರಿಗೆ ಏನು ಪ್ರಯೋಜನ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಹೇಳುವ ರೀತಿಯಲ್ಲಿ ಓದಿದರೆ ಯಾರಿಗೂ ಪ್ರಯೋಜನವಿಲ್ಲ. ಕವಿತೆಯೊಂದನ್ನು ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿಸಿ ಪರೀಕ್ಷಿಸುವುದು ಕವಿತೆಗೂ ಅವಮಾನ, ವಿದ್ಯಾರ್ಥಿಗೂ ಅವಮಾನ. ಅಷ್ಟರ ಮಟ್ಟಿಗೆ ನಾನು ನಿಮ್ಮ ಪರ.

ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದ್ದರು ಎಂಬುದನ್ನು, ಎಂಜಿನಿಯರಿಗೆ ಇಂಥ ವಿಷಯಗಳು ಬೇಕೇ ಎಂಬ ಚರ್ಚೆಯಲ್ಲಿ ಕೆಲವರು ಬ್ರಹ್ಮಾಸ್ತ್ರದಂತೆ ಬಳಸುತ್ತಾರೆ. ಅಂದಿನ ಬಿ.ಎ.ಯೊಳಗೆ ಗಣಿತ, ವಿಜ್ಞಾನಗಳೂ ಸೇರಿದ್ದವಾದ್ದರಿಂದ ಆ ಅಸ್ತ್ರ ಇಲ್ಲಿ ನಾಟುವುದಿಲ್ಲ. ನಿಮ್ಮ ವೃತ್ತಿಗೇ ಸೇರಿದ ಕಾರಣ ಬೇರೊಂದಿದೆ. ನಾಳೆ ನೀವು ಒಂದು ನಾಲೆಯನ್ನೋ ಹೆದ್ದಾರಿಯನ್ನೋ ವಿನ್ಯಾಸ ಮಾಡುತ್ತೀರಿ. ಅದಕ್ಕೆ ಜಮೀನು ಬೇಕು. 2013ರ ಭೂಸ್ವಾಧೀನ ಕಾಯ್ದೆಯು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಜಮೀನು ಪಡೆಯುವ ಮುನ್ನ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕೆಂದು ಹೇಳುತ್ತದೆ. ಯಾರ ಮನೆ ಹೋಗುತ್ತದೆ, ಜಮೀನಿಲ್ಲದೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಗತಿಯೇನು ಎಂಬ ಪ್ರಶ್ನೆಗಳು ನಿಮ್ಮ ನಕ್ಷೆಯ ಮೇಲೆ ಬಂದು ಕೂರುವುದು ಆಗ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿ ಮುಳುಗಡೆಯಿಂದ ಎದ್ದುಬಂದ ಕುಟುಂಬಗಳ ಹಕ್ಕುಪತ್ರದ ತಕರಾರು ಅರ್ಧ ಶತಮಾನ ಕಳೆದರೂ ಬಗೆಹರಿಯಲಿಲ್ಲ. ಅಣೆಕಟ್ಟಿನ ಲೆಕ್ಕಾಚಾರ ತಪ್ಪಿರಲಿಲ್ಲ. ಜನರ ಲೆಕ್ಕ ತಪ್ಪಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಪದವಿ ತರಗತಿಗಳನ್ನು ಆರಂಭಿಸಿದಾಗ ವಿಜ್ಞಾನದ ವಿದ್ಯಾರ್ಥಿಗಳ ಪಾಠಪಟ್ಟಿಗೆ ಮಾನವಿಕ ವಿಷಯಗಳನ್ನು ಸೇರಿಸಿದ್ದು ಶೋಭೆಗಾಗಿ ಅಲ್ಲವೆಂದು ಭಾವಿಸುತ್ತೇನೆ. ನಿಮ್ಮ ಕಾಲೇಜು ಅಷ್ಟು ಮಾಡದಿದ್ದರೆ, ಈ ರಜೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹೋಗಿ ಮುಳುಗಡೆಯ ಒಬ್ಬ ಹಿರಿಯರೊಡನೆ ಒಂದು ಮಧ್ಯಾಹ್ನ ಮಾತನಾಡಿ, ಕೇಳಿದ್ದನ್ನು ಬರೆದಿಡಿ.

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ ಮುಗಿಸಿ ಕಲಾ ವಿಭಾಗಕ್ಕೆ ಸೇರುತ್ತಿದ್ದಾನೆ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಳ್ಳಲೇ, ಐಚ್ಛಿಕ ಕನ್ನಡ ಇರುವುದನ್ನು ತೆಗೆದುಕೊಳ್ಳಲೇ ಎಂದು ಕೇಳುತ್ತಾನೆ.
— ಗೃಹಿಣಿಯೊಬ್ಬರು, ಚನ್ನರಾಯಪಟ್ಟಣ

ಉತ್ತರ: ಎರಡರಲ್ಲಿ ಯಾವುದಾದರೂ ಆಗಬಹುದು, ಅಮ್ಮಾ, ಆ ಕಾಲೇಜಿನಲ್ಲಿ ಚೆನ್ನಾಗಿ ಪಾಠ ಮಾಡುವವರು ಯಾವ ವಿಷಯಕ್ಕಿದ್ದಾರೆ ಎಂದು ಹಿಂದಿನ ವರ್ಷದ ಹುಡುಗರನ್ನು ವಿಚಾರಿಸಿ, ಆ ವಿಷಯ ಇರುವುದನ್ನು ಆರಿಸಲಿ. ಒಂದು ವಿಷಯದಲ್ಲಿ ಮಾತ್ರ ಮೊದಲೇ ಯೋಚಿಸಬೇಕು. ಅವನಿಗೆ ಮುಂದೆ ಅರ್ಥಶಾಸ್ತ್ರದಲ್ಲಿಯೇ ಮೇಲಿನ ಓದು ಓದುವ ಆಸೆಯಿದ್ದರೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಬಿಟ್ಟರೆ ಎಂ.ಎ. ಹಂತದಲ್ಲಿ ಬಹಳ ತೊಡಕಾಗುತ್ತದೆ. ಎಚ್‌ಇಪಿಎಸ್‌ನಲ್ಲಿ ಇವೆರಡೂ ಇಲ್ಲ. ದಾಖಲಾತಿ ಮುಗಿಯುವುದರೊಳಗೆ ಇದನ್ನು ಅವನ ಹತ್ತಿರ ಮಾತನಾಡಿ.