ಕಾರು ನಿಲ್ಸಿದಲ್ಲಿ ಆಫ್ ಆಗುದು, ಆಯಿಲ್ ಕಮ್ಮಿ ಆಗುದು: ಇಂಜಿನ್ ಬಿಚ್ಚುವ ಮೊದ್ಲು ಪಿಸಿವಿ ವಾಲ್ವ್ ನೋಡ್ಸಿ

ಇಂಜಿನ್ ಬಿಚ್ಲಿಕ್ಕೆ ಈಗ್ಲೇ ಒಪ್ಕೊಳ್ಬೇಡಿ ಮಾರಾಯ್ರೆ. ನೀವು ಬರ್ದದ್ದು ಇಷ್ಟು: 2007ರ ಪೆಟ್ರೋಲ್ ಕಾರು, 1.2 ಲಕ್ಷ ಕಿಮೀ ಓಡಿದೆ, ಸುರತ್ಕಲ್‌ನಿಂದ ಮಂಗ್ಳೂರಿಗೆ ದಿನಾ ಹೋಗಿ ಬರುದು, ಬ್ಲಾಕಲ್ಲಿ ಕ್ಲಚ್ ಒತ್ತಿ ನಿಲ್ಸಿದ್ರೆ ಆರ್‌ಪಿಎಂ ಬಿದ್ದು ಆಫ್ ಆಗ್ತದೆ, ಸಾವಿರ ಕಿಮೀಗೆ ಆಯಿಲ್ ಡಿಪ್‌ಸ್ಟಿಕ್‌ನ ಕೆಳಗಿನ ಗುರುತಿಗೆ ಬರ್ತದೆ, ನೆಲದಲ್ಲಿ ಒಂದು ಹನಿ ಇಲ್ಲ, ಗ್ಯಾರೇಜಿನವ್ರು ಪಿಸ್ಟನ್ನಿನ ರಿಂಗ್ ಹೋಗಿದೆ, ಇಂಜಿನ್ ಕೆಲ್ಸ ಬಂತು ಅಂತ ಹೇಳಿದ್ರು. ರಿಂಗ್ ಹೋಗಿರ್ಲೂಬಹುದು, ಆದ್ರೆ ಅದು ಕೊನೆಗೆ ನೋಡ್ಬೇಕಾದ್ದು.

ನಂದೂ ಹಳೇ ಪೆಟ್ರೋಲ್ ಕಾರು, ಉಡುಪಿಯಲ್ಲಿ ಇರುದು. ಎರಡು ವರ್ಷದ ಹಿಂದೆ ಜೋರು ಮಳೆಯಲ್ಲಿ ಅಮ್ಮನನ್ನು ಡಾಕ್ಟ್ರ ಹತ್ರ ಮಂಗ್ಳೂರಿಗೆ ಕರ್ಕೊಂಡು ಹೋಗುವಾಗ ಮೂಲ್ಕಿ ಸೇತುವೆ ದಾಟಿದ ಮೇಲೆ ವಾಹನ ಸಾಲು ನಿಂತಿತ್ತು, ನಾನು ಬ್ರೇಕ್ ಹಾಕಿದೆ, ಕಾರು ಆಫ್ ಆಯ್ತು, ಹಿಂದೆ ಲಾರಿ, ಸ್ಟಾರ್ಟ್ ಮಾಡಿದ್ರೆ ಮತ್ತೆ ಆಫ್. ಅಮ್ಮ ನನ್ನ ತೋಳು ಹಿಡ್ಕೊಂಡದ್ದು ಇನ್ನೂ ನೆನಪುಂಟು. ಒಂದು ಗ್ಯಾರೇಜಲ್ಲಿ ನಿಮ್ಗೆ ಹೇಳಿದ್ದೇ ನಂಗೂ ಹೇಳಿದ್ರು. ಆಮೇಲೆ ಮಲ್ಪೆ ಬಂದರದಲ್ಲಿ ಬೋಟಿನ ಇಂಜಿನ್ ಕೆಲ್ಸ ಮಾಡಿ ಅನುಭವ ಇರುವ ಹಿರಿಯ ಮೆಕ್ಯಾನಿಕ್ ಒಬ್ರು ಸಿಕ್ಕಿದ್ರು, ಅವ್ರು ಹೆಬ್ಬೆರಳಿನಷ್ಟು ದೊಡ್ಡ ಒಂದು ವಾಲ್ವ್ ತೆಗ್ದು ನನ್ನ ಕಿವಿ ಹತ್ರ ಅಲ್ಲಾಡ್ಸಿ "ಶಬ್ದ ಬಂತಾ?" ಅಂತ ಕೇಳಿದ್ರು. ಬರ್ಲಿಲ್ಲ. ಸರಿ ಇದ್ರೆ ಒಳಗಿನ ತುಂಡು ಟಕಟಕ ಅಂತ ಅಲ್ಲಾಡ್ಬೇಕಂತೆ.

ಅದೇ ಪಿಸಿವಿ ವಾಲ್ವ್. ಹೆಚ್ಚಾಗಿ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಮೇಲೆ ಅಥವಾ ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನಿಗೆ ಗಾಳಿ ಹೋಗುವ ಪೈಪು) ಹತ್ರ ಇರ್ತದೆ, ಬ್ರೀದರ್ ಪೈಪ್ ಹಿಡ್ಕೊಂಡು ಹುಡುಕಿದ್ರೆ ಸಿಗ್ತದೆ. ಎಷ್ಟೇ ಒಳ್ಳೆ ಇಂಜಿನ್ ಆದ್ರೂ ಪಿಸ್ಟನ್ ಬದಿಯಿಂದ ಸ್ವಲ್ಪ ಗ್ಯಾಸ್ ಕೆಳಗೆ ಆಯಿಲ್ ಇರುವ ಕಡೆ ಇಳೀತದೆ, ಅದನ್ನು ಎಳ್ದು ಮತ್ತೆ ಇಂಜಿನಿಗೇ ಸುಡ್ಲಿಕ್ಕೆ ಕೊಡುದು ಈ ವಾಲ್ವಿನ ಕೆಲ್ಸ. ಇದು ತೆರ್ದೇ ಸಿಕ್ಕಿಹಾಕ್ಕೊಂಡ್ರೆ ಐಡಲಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ, ಲೆಕ್ಕಕ್ಕಿಂತ ಜಾಸ್ತಿ ಗಾಳಿ ಹೋಗ್ತದೆ, ಜೊತೆಗೆ ಆಯಿಲ್ ಹಬೆಯೂ ಒಳಗೆ ಹೋಗಿ ಸುಡ್ತದೆ, ಅದೇ ಹಬೆ ಇಂಜಿನಿಗೆ ಹೋಗುವ ಗಾಳಿ ಹಿಡಿತದಲ್ಲಿ ಇಡುವ ಥ್ರಾಟಲ್ ಬಾಡಿಗೆ, ಐಡಲ್ ಕಂಟ್ರೋಲ್ ವಾಲ್ವಿಗೆ ಕಪ್ಪು ಅಂಟಿನ ಹಾಗೆ ಹಿಡೀತದೆ, ಆಕ್ಸಿಲರೇಟರ್ ಬಿಟ್ಟ ಕೂಡ್ಲೆ ಇಂಜಿನಿಗೆ ಉಸಿರು ಸಾಲುದಿಲ್ಲ, ಆಫ್. ಮುಚ್ಚಿ ಸಿಕ್ಕಿಕೊಂಡ್ರೆ ಒಳಗೆ ಪ್ರೆಶರ್ ಕೂತು ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕ್ ಸೀಲ್ ಎಲ್ಲಿ ದಾರಿ ಸಿಗ್ತದೋ ಅಲ್ಲಿಂದ ಆಯಿಲ್ ಹೊರಗೆ. ನೆಲದಲ್ಲಿ ಹನಿ ಇಲ್ಲ ಅಂದ್ರೆ ಲೀಕ್ ಇಲ್ಲ ಅಂತ ಅಲ್ಲ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದದ್ದು ಅಲ್ಲೇ ಸುಟ್ಟು ಹೋಗ್ತದೆ, ಓಡಿಸಿ ನಿಲ್ಸಿದಾಗ ಬಾನೆಟ್ ಹತ್ರ ಕರಟಿದ ವಾಸನೆ ಬರ್ತದಾ ನೋಡಿ. ನಿಮ್ಮ ಎರಡು ತೊಂದ್ರೆಗೂ ಮೂಲ ಒಂದೇ ಇರ್ಬಹುದು ಅಂತ ನಾನು ಹೇಳುದು ಇದಕ್ಕೇ.

ನೀವೇ ನೋಡ್ಲಿಕ್ಕೆ ಆಗ್ತದೆ. ಇಂಜಿನ್ ಐಡಲಲ್ಲಿ ಇರುವಾಗ ಫ್ಯಾನ್, ಬೆಲ್ಟ್‌ನಿಂದ ಕೈ ದೂರ ಇಟ್ಟು ಪಿಸಿವಿ ಹೋಸನ್ನು ಪಕ್ಕಡಿಯಲ್ಲಿ ಮೆಲ್ಲ ಒತ್ತಿ ಹಿಡೀರಿ. ಐಡಲ್ ಸ್ವಲ್ಪವೇ ವ್ಯತ್ಯಾಸ ಆದ್ರೆ ಸರಿ ಉಂಟು, ಒತ್ತಿದ ಮೇಲೆ ಇಂಜಿನ್ ನೆಟ್ಟಗೆ ಓಡ್ಲಿಕ್ಕೆ ಶುರು ಆದ್ರೆ ವಾಲ್ವ್ ತೆರ್ದೇ ಕೂತಿದೆ ಅಂತ. ಹೋಸ್ ಬಿರುಕು ಬಿಟ್ಟಿದೆಯಾ, ಮೆತ್ತಗಾಗಿದೆಯಾ ಅದೂ ನೋಡಿ. ಮತ್ತೆ ಆಯಿಲ್ ಹಾಕುವ ಕ್ಯಾಪ್ ಮೆಲ್ಲ ತೆಗ್ದು ನೋಡಿ, ಸಣ್ಣ ಹಬೆ ಬಂದ್ರೆ ಪರ್ವಾಗಿಲ್ಲ, ಬುಸುಬುಸು ಅಂತ ಒಂದೇ ಸಮ ಹೊಗೆ ದಬ್ಬಿದ್ರೆ ಪಿಸಿವಿ ವಾಲ್ವ್ ಕಟ್ಟಿದೆ ಅಥವಾ ನಿಜವಾಗ್ಲೂ ರಿಂಗ್ ಸವೆದಿದೆ. ಕ್ಯಾಪ್ ಅಡಿಯಲ್ಲಿ ಬೆಣ್ಣೆಯ ಹಾಗೆ ಬಿಳಿ ಕಂಡ್ರೆ ಹೆದರ್ಬೇಡಿ, ನಮ್ಮ ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಕಾರಿಗೆ ತೇವ ಹಿಡೀತದೆ. ಆದ್ರೆ ಡಿಪ್‌ಸ್ಟಿಕ್‌ನ ಆಯಿಲೇ ಹಾಲು ಚಾದ ಬಣ್ಣ ಆಗಿದ್ರೆ, ಕೂಲಂಟ್ ಕಮ್ಮಿ ಆಗ್ತಾ ಇದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಅಡಿಯ ಪ್ಯಾಕಿಂಗ್) ಸಂಶಯ, ಆಗ ಓಡಿಸ್ಬೇಡಿ.

ಹೊಗೆ ಯಾವಾಗ ಬರ್ತದೆ ಅನ್ನುದು ತುಂಬಾ ಮುಖ್ಯ. ಮಣಿಪಾಲದಿಂದ ಉಡುಪಿಗೆ ಇಳಿಯುವ ಹಾಗಿನ ಇಳಿಜಾರಲ್ಲಿ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಇಳ್ದು, ಕೆಳಗೆ ಬಂದು ಒಮ್ಮೆ ಒತ್ತಿ, ಹಿಂದಿನ ಬೈಕಲ್ಲಿ ಗುರ್ತದವ್ರು ಯಾರಾದ್ರೂ ನೋಡ್ಲಿ. ಆಗ ನೀಲಿ ಹೊಗೆ ಬುಗ್ಗೆ ಅಂತ ಬಂದ್ರೆ, ಅಥವಾ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಬಂದ್ರೆ, ವಾಲ್ವ್ ಸೀಲ್ ಹೋಗಿದೆ, ಪಿಸಿವಿದು ಅಲ್ಲ, ಇಂಜಿನ್ ಹೆಡ್ಡಿನ ಒಳಗಿನ ವಾಲ್ವಿಂದು. ಏರಲ್ಲಿ ಎಳೆಯುವಾಗ ಉದ್ದಕ್ಕೂ ಬಂದ್ರೆ ರಿಂಗ್. ರಿಂಗ್ ಅಂತ ಹೇಳುವವ್ರ ಹತ್ರ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಪ್ರೆಶರ್ ಅಳೆಯುದು) ಮಾಡ್ಸಿ, ಮೊದ್ಲು ಹಾಗೇ, ಆಮೇಲೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ. ಎರಡನೇ ಸಲ ರೀಡಿಂಗ್ ಚೆನ್ನಾಗಿ ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ಇಂಜಿನ್ ಹೆಡ್ಡಿನ ವಾಲ್ವ್ ಕಡೆ ನೋಡ್ಬೇಕು. ಈ ಟೆಸ್ಟ್ ಮಾಡದೆ ಕಿವಿಯಲ್ಲಿ ಕೇಳಿ ರಿಂಗ್ ಅಂದವ್ರಿಗೆ ನಾನಾದ್ರೆ ಕಾರಿನ ಕೀ ಕೊಡುದಿಲ್ಲ.

ಪ್ಲಗ್ ಬಿಚ್ಚುವಾಗ ಪ್ಲಗ್ ಗುಂಡಿಯಲ್ಲಿ ಆಯಿಲ್ ಉಂಟಾ ನೋಡ್ಲಿಕ್ಕೆ ಹೇಳಿ, ಅದರಿಂದಲೂ ಮಿಸ್ಸಿಂಗ್ ಆಗಿ ಇಂಜಿನ್ ಕುಂಟ್ತದೆ. ಕಡಲ ಗಾಳಿಗೆ ಬ್ಯಾಟರಿ ಟರ್ಮಿನಲ್, ಬಾಡಿ ಅರ್ತಿಂಗ್ ವೈರ್ ಕಿಲುಬು ಹಿಡ್ದಿರ್ತದೆ, ಸುರತ್ಕಲಲ್ಲಿ ಕೇಳುದೇ ಬೇಡ, ತಿಕ್ಕಿ ಬಿಗಿ ಮಾಡ್ಸಿ.

ಇನ್ನೊಂದು, ಆಯಿಲ್ ಲೈಟ್ ಬಗ್ಗೆ. ಇಂಜಿನ್ ಆಫ್ ಆದ ಮೇಲೆ ಲೈಟ್ ಉರಿಯುದು ಸಹಜ, ಕೀ ಆನ್ ಇರ್ತದಲ್ಲ. ಓಡ್ತಾ ಇರುವಾಗಲೇ ಉರಿದ್ರೆ, ತಿರುವಲ್ಲಿ ಮಿಣಮಿಣ ಅಂದ್ರೆ, ಅಲ್ಲೇ ಬದಿಗೆ ನಿಲ್ಸಿ ಇಂಜಿನ್ ಬಂದ್ ಮಾಡಿ. ಸಣ್ಣ ಇಂಜಿನಲ್ಲಿ ಇರುದೇ ಮೂರು ಲೀಟರ್ ಆಸುಪಾಸು ಆಯಿಲ್, ಡಿಪ್‌ಸ್ಟಿಕ್‌ನ ಕೆಳಗಿನ ಗುರುತಿಗಿಂತಲೂ ತುಂಬಾ ಇಳಿದ್ರೆ ಇಂಜಿನ್ ಒಳಗಿನ ಬೇರಿಂಗಿಗೆ ಅಪಾಯ. ಡಿಕ್ಕಿಯಲ್ಲಿ ಅದೇ ಗ್ರೇಡಿನ ಒಂದು ಲೀಟರ್ ಇಟ್ಕೊಳ್ಳಿ, ವಾರಕ್ಕೊಮ್ಮೆ ಬೆಳಿಗ್ಗೆ ತಣ್ಣಗಿರುವಾಗ ಸಮ ನೆಲದಲ್ಲಿ ನಿಲ್ಸಿ ನೋಡಿ. ಸರಿ ಆಗುವ ತನಕ ಶಿರಾಡಿ ಘಾಟಿ ಕಡೆ ದಯವಿಟ್ಟು ಹೋಗ್ಬೇಡಿ, ಇಂಜಿನ್ ನಿಂತ್ರೆ ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಆಗ್ತದೆ, ಪವರ್ ಸ್ಟೇರಿಂಗ್ ಇದ್ರೆ ಅದೂ.

ನಂದ್ರಲ್ಲಿ ಕಡೆಗೆ ಮಾಡಿದ್ದು ಹೊಸ ಪಿಸಿವಿ ವಾಲ್ವ್, ಹೋಸ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್. ಆಫ್ ಆಗುದು ಆವತ್ತೇ ನಿಂತಿತು. ಆಯಿಲ್ ಕುಡಿಯುದು ಪೂರ್ತಿ ನಿಲ್ಲಲಿಲ್ಲ, ವಾಲ್ವ್ ಸೀಲ್ ಹಳೇದು, ಆದ್ರೆ ಈಗ ಮೂರು ಸಾವಿರ ಕಿಮೀಗೆ ಅರ್ಧ ಲೀಟರ್ ಹಾಕಿದ್ರೆ ಸಾಕಾಗ್ತದೆ. ಹೋಸ್ ಒತ್ತಿದಾಗ ಎಂತ ಆಯ್ತು, ಹೊಗೆ ಯಾವಾಗ ಬಂತು, ಎರಡು ಬರೀರಿ, ಮುಂದೆ ಎಂತ ಮಾಡುದು ನೋಡುವ.