ಏರ್‌ಫೋರ್ಸ್ ಹೆಲಿಕಾಪ್ಟರ್ ಗಂಟೆಗಳಿಗೆ ಸಿವಿಲ್ ಲೈಸೆನ್ಸ್ ಹಾಗೇ ಸಿಗುತ್ತಾ?

ನಿಮ್ಮ ಪ್ರಶ್ನೆ ಓದ್ದೆ. ಮದ್ದೂರಿನವ್ರು, ಏರ್‌ಫೋರ್ಸ್‌ಗೆ ಶಾರ್ಟ್ ಸರ್ವಿಸ್‌ನಲ್ಲಿ, ಅಂದ್ರೆ ಹದಿನಾಲ್ಕು ವರ್ಷದ ಅವಧಿಗೆ ಸೇರಿದೀರ, ಇನ್ನೆರಡು ವರ್ಷಕ್ಕೆ ಹೊರಗೆ ಬರ್ತೀರ, ಎಂಐ-17 ಹೆಲಿಕಾಪ್ಟರ್ ಮೇಲೆ ಎರಡು ಸಾವಿರ ಗಂಟೆ ಆಗಿದೆ, ಇಷ್ಟು ಗಂಟೆ ಇರೋವಾಗ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಹಾಗೇ ಕೊಡ್ತಾರಾ, ಅಲ್ಲಿಂದ ಏರ್‌ಲೈನ್‌ಗೆ ಹೋಗ್ಬೋದಾ ಅಂತ ಕೇಳಿದೀರ. ನಾನೂ ಮಂಡ್ಯದ ಮಗ, ಚೇತಕ್ ಮತ್ತೆ ಎಂಐ-17 ಹಾರಿಸಿ ಶಾರ್ಟ್ ಸರ್ವಿಸ್ ಮುಗಿಸಿ ಈಗ ಮೈಸೂರಲ್ಲಿದೀನಿ. ಹಾಗೇ ಕೊಡಲ್ಲ. ಆದ್ರೆ ನಿಮ್ಮತ್ರ ಇನ್ನೂ ಎರಡು ವರ್ಷ ಇದೆ, ನನ್ನತ್ರ ಅದು ಇರ್ಲಿಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಯಾಕೆ ಹಾಗೇ ಕೊಡಲ್ಲ ಅನ್ನೋದು ಮೊದ್ಲು ಅರ್ಥ ಆದ್ರೆ ಸಿಟ್ಟು ಬರಲ್ಲ. 1944ರ ಷಿಕಾಗೋ ಒಪ್ಪಂದ ಇದೆಯಲ್ಲ, ಪ್ರಪಂಚದ ಸಿವಿಲ್ ಏವಿಯೇಷನ್ ಎಲ್ಲ ಅದ್ರ ಮೇಲೆ ನಿಂತಿರೋದು, ಅದ್ರ 3ನೇ ಆರ್ಟಿಕಲ್‌ನಲ್ಲೇ ಇದು ಸಿವಿಲ್ ವಿಮಾನಗಳಿಗೆ ಮಾತ್ರ, ಮಿಲಿಟರಿ, ಕಸ್ಟಮ್ಸ್, ಪೊಲೀಸ್ ಕೆಲಸದ ವಿಮಾನಗಳಿಗೆ ಅನ್ವಯ ಆಗಲ್ಲ ಅಂತ ಬರೆದಿದೆ. ಅಂದ್ರೆ ನಿಮ್ಮ ಎದೆ ಮೇಲಿನ ಪೈಲಟ್ ವಿಂಗ್ಸ್ ಒಂದು ಕಾನೂನಿನದ್ದು, ಲೈಸೆನ್ಸ್ ಇನ್ನೊಂದು ಕಾನೂನಿನದ್ದು. ನಮ್ಮ 1937ರ ಏರ್‌ಕ್ರಾಫ್ಟ್ ರೂಲ್ಸ್‌ನಲ್ಲಿ ಏರ್‌ಫೋರ್ಸ್, ನೇವಿ ಪೈಲಟ್‌ಗಳು ಸರಿಯಾದ ಪುರಾವೆ ತೋರಿಸಿದ್ರೆ ಕೆಲವು ಟೆಸ್ಟು, ಪರೀಕ್ಷೆಗಳಿಂದ ವಿನಾಯಿತಿ ಕೊಡೋಕೆ ಅವಕಾಶ ಇದೆ. ಗಮನಿಸಿ, ಕೊಡ್ಬೋದು ಅಂತ ಇದೆ, ಕೊಡ್ಲೇಬೇಕು ಅಂತಲ್ಲ, ಅದೂ ಪುರಾವೆ ಮೇಲೆ. ಯೂಟ್ಯೂಬಲ್ಲಿ ಅಮೆರಿಕದವ್ರ ವಿಡಿಯೋ ನೋಡಿ ತುಂಬ ಹುಡುಗ್ರು ತಪ್ಪು ತಿಳ್ಕೊಳ್ತಾರೆ. ಅಲ್ಲಿನ ಮಿಲಿಟರಿ ಪೈಲಟ್‌ಗೆ ಒಂದು ಲಿಖಿತ ಪರೀಕ್ಷೆ ಬರೆದು ಕಮರ್ಷಿಯಲ್ ಸರ್ಟಿಫಿಕೇಟ್ ತಗೊಳ್ಳೋ ದಾರಿ ಇದೆ, ಉಳಿದವ್ರಿಗೆ 1500 ಗಂಟೆ ಬೇಕಾಗೋ ಕಡೆ 750 ಗಂಟೆ ಆಗಿದ್ರೇ ಸಾಕು, ಕೆಲವು ಮಿತಿ ಇರೋ ಏರ್‌ಲೈನ್ ಪೈಲಟ್ ಸರ್ಟಿಫಿಕೇಟ್ ಸಿಗುತ್ತೆ. ಅದು ಅವರ ದೇಶದ ಲೆಕ್ಕ, ಇಲ್ಲಿ ಲೈಸೆನ್ಸ್ ಕೊಡೋ ಸಿವಿಲ್ ಏವಿಯೇಷನ್ ಇಲಾಖೆ ಡಿಜಿಸಿಎ ಮುಂದೆ ಅದನ್ನ ಹೇಳ್ಕೊಂಡು ಪ್ರಯೋಜನ ಇಲ್ಲ.

ಈಗ ಪುರಾವೆ ವಿಷಯ. ನಮ್ಮಪ್ಪ ಕಬ್ಬು ಬೆಳೀತಿದ್ರು. ಗದ್ದೇಲಿ ಎಷ್ಟೇ ಬೆಳೆದ್ರೂ ಫ್ಯಾಕ್ಟರಿ ಗೇಟಲ್ಲಿ ತೂಕದ ಚೀಟಿ ಕೈಗೆ ಬರದೆ ಬಿಲ್ ಆಗಲ್ಲ, ಅದಕ್ಕೇ ಅಪ್ಪ ಚೀಟಿನ ಮಡಚಿ ಅಂಗಿ ಒಳಜೇಬಲ್ಲಿ ಇಟ್ಕೊಳ್ಳೋರು. ನಿಮ್ಮ ಲಾಗ್‌ಬುಕ್ ಅದೇ ಚೀಟಿ. ಕ್ಯಾಪ್ಟನ್ ಆಗಿ ಹಾರಿದ್ದೆಷ್ಟು, ಕೋ-ಪೈಲಟ್ ಆಗಿ ಎಷ್ಟು, ಹಗಲು ಎಷ್ಟು, ರಾತ್ರಿ ಎಷ್ಟು, ಇನ್‌ಸ್ಟ್ರುಮೆಂಟ್‌ನಲ್ಲಿ ನಿಜವಾಗಿ ಮೋಡದೊಳಗೆ ಎಷ್ಟು, ಸಿಮ್ಯುಲೇಟರ್‌ನಲ್ಲಿ ಎಷ್ಟು, ಕ್ರಾಸ್ ಕಂಟ್ರಿ ಎಷ್ಟು, ಇವೆಲ್ಲ ಬೇರೆ ಬೇರೆಯಾಗಿ ಸಿಗ್ಬೇಕು, ಪ್ರತಿ ಪೇಜಿನ ಮೊತ್ತಕ್ಕೂ ಸಹಿ ಇರ್ಬೇಕು. ನಾನು ಇದನ್ನ ಹಗುರವಾಗಿ ತಗೊಂಡೆ. ಕೊನೆ ಎರಡು ವರ್ಷ ಸ್ಟಾಫ್ ಪೋಸ್ಟಿಂಗ್, ಅಂದ್ರೆ ಆಫೀಸ್ ಕೆಲಸ, ಹಾರಾಟ ಕಮ್ಮಿ. ಹೊರಗೆ ಬಂದ್ಮೇಲೆ ಮನೆ ರಿಪೇರಿ, ತಂಗಿ ಮದುವೆ ಅಂತ ನಾಲ್ಕು ತಿಂಗ್ಳು ಕಳೆದೆ. ಅರ್ಜಿ ಹಾಕೋಕೆ ಕೂತಾಗ ಗೊತ್ತಾಯ್ತು, ಹಳೇ ಯೂನಿಟ್‌ನ ಎರಡು ತಿಂಗಳ ಪೇಜ್‌ಗೆ ಸಹಿ ಇಲ್ಲ. ಆ ಯೂನಿಟ್ ಬೇರೆ ಜಾಗಕ್ಕೆ ಹೋಗಿತ್ತು, ನನ್ನ ಫ್ಲೈಟ್ ಕಮಾಂಡರ್ ರಿಟೈರ್ ಆಗಿದ್ರು, ಪತ್ರ ಬರೆದು ಕಾದು ಮತ್ತೆ ಪತ್ರ ಬರೆದು ಎಂಟು ತಿಂಗ್ಳು ಹೋಯ್ತು. ಅಷ್ಟ್ರಲ್ಲಿ ನನ್ನ ರೀಸೆನ್ಸಿ, ಅಂದ್ರೆ ಇತ್ತೀಚೆಗೆ ಹಾರಿದ ಲೆಕ್ಕ, ಪೂರ್ತಿ ಹೋಗಿತ್ತು.

ರೀಸೆನ್ಸಿನೇ ನಮ್ಮಂಥವ್ರನ್ನ ಮುಳುಗಿಸೋದು, ಒಟ್ಟು ಗಂಟೆ ಅಲ್ಲ. ಏರೋಪ್ಲೇನ್ ಸಿಪಿಎಲ್‌ಗೆ ಒಟ್ಟು 200 ಗಂಟೆ, ಅದ್ರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ಕ್ಯಾಪ್ಟನ್) ಆಗಿ, ಆ 100ರಲ್ಲಿ 15 ಗಂಟೆ ಅರ್ಜಿ ಹಾಕೋ ದಿನಕ್ಕೆ ಹಿಂದಿನ ಆರು ತಿಂಗಳೊಳಗೆ ಆಗಿರ್ಬೇಕು. ಹೆಲಿಕಾಪ್ಟರ್ ಸಿಪಿಎಲ್‌ಗೆ ಒಟ್ಟು 150 ಗಂಟೆ ಸಾಕು, ಆದ್ರೆ ಅಲ್ಲೂ ಇತ್ತೀಚೆಗೆ ಹಾರಿದ್ದನ್ನ ಕೇಳ್ತಾರೆ. ಎರಡು ಸಾವಿರ ಗಂಟೆ ಇಟ್ಕೊಂಡು ಇಷ್ಟು ಸಣ್ಣ ಸಂಖ್ಯೆಗೆ ಸಿಕ್ಕಾಕೊಂಡ್ರೆ ಎಷ್ಟು ನೋವಾಗುತ್ತೆ ಗೊತ್ತಾ, ಯಾಕಂದ್ರೆ ಹೊರಗೆ ಸ್ವಂತ ದುಡ್ಡಲ್ಲಿ ಹೆಲಿಕಾಪ್ಟರ್ ಹಾರಿಸೋದು ಸಣ್ಣ ವಿಮಾನಕ್ಕಿಂತ ತುಂಬಾನೇ ದುಬಾರಿ. ಕೊನೇ ಪೋಸ್ಟಿಂಗ್ ಡೆಸ್ಕ್ ಆಗೋ ಹಾಗಿದ್ರೆ ಕಮಾಂಡಿಂಗ್ ಆಫೀಸರ್ ಹತ್ರ ಮಾತಾಡಿ ತಿಂಗಳಿಗೆ ನಾಲ್ಕೈದು ಸಾರ್ಟಿ (ಹಾರಾಟ) ಆದ್ರೂ ಕೇಳಿ ಪಡ್ಕೊಳ್ಳಿ, ನಾಚ್ಕೋಬೇಡಿ.

ಏರ್‌ಲೈನ್ ಆಸೆ ಬಗ್ಗೆ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಲ್ಲಿ ಎಟಿಆರ್ ವಿಮಾನ ಇಳಿಯೋದನ್ನ ನೋಡಿದಾಗೆಲ್ಲ ನನಗೂ ಆ ಆಸೆ ಆಗ್ತಿತ್ತು, ತಪ್ಪೇನಿಲ್ಲ. ಆದ್ರೆ ರೂಲ್ಸ್‌ನಲ್ಲಿ ಏರೋಪ್ಲೇನ್ ಅಂತ ಇದ್ರೆ ಏರೋಪ್ಲೇನೇ. ಎಂಐ-17ಗೆ ಎರಡು ಎಂಜಿನ್ ಇದೆ ಅಂತ ಮಲ್ಟಿ ಎಂಜಿನ್ ರೇಟಿಂಗ್ ಸಿಗಲ್ಲ, ಅದು ವಿಮಾನದಲ್ಲೇ ಆಗ್ಬೇಕು. ಕ್ರಾಸ್ ಕಂಟ್ರಿ, ಅಂದ್ರೆ ಒಂದೂರಿಂದ ಇನ್ನೊಂದೂರಿಗೆ ಹಾರೋದು, 300 ನಾಟಿಕಲ್ ಮೈಲು, ಎರಡು ಬೇರೆ ಏರೋಡ್ರೋಮ್‌ಗಳಲ್ಲಿ ಪೂರ್ತಿ ಇಳಿದು ನಿಂತು, ಇದೂ ವಿಮಾನದಲ್ಲೇ. ಇಲ್ಲಿ ಜನ ಮರೆಯೋ ಒಂದು ವಿಷ್ಯ ಇದೆ. ದುಂಡಿಗಲ್‌ನ ಏರ್‌ಫೋರ್ಸ್ ಅಕಾಡೆಮೀಲಿ ತರಬೇತಿಯ ಸ್ಟೇಜ್ ಒಂದರಲ್ಲಿ ನೀವು ಪಿಲಾಟಸ್ ಹಾರಿಸಿದೀರಲ್ಲ, ಅದು ಫಿಕ್ಸೆಡ್ ವಿಂಗ್, ಅಂದ್ರೆ ವಿಮಾನದ ಹಾರಾಟ. ಅಲ್ಲಿಂದ ಹಕೀಂಪೇಟೆಗೆ ಹೋಗಿ ಹೆಲಿಕಾಪ್ಟರ್ ಹತ್ತಿದ್ಮೇಲೆ ಅದು ಯಾರಿಗೂ ನೆನಪಿರಲ್ಲ. ನಾನು ದೀಪಕ್ ತರಬೇತಿ ವಿಮಾನದಲ್ಲಿ ಹಾರಿದ ಗಂಟೆಗಳು ಇನ್ನೊಂದು ಹಳೇ ಪುಸ್ತಕದಲ್ಲಿ ಕೂತಿದ್ವು, ಅಮ್ಮ ಟ್ರಂಕಲ್ಲಿ ಜೋಪಾನ ಮಾಡಿಟ್ಟಿದ್ರಿಂದ ಸಿಕ್ತು. ಆ ಪೇಜ್‌ಗಳನ್ನ ಈಗ್ಲೇ ದೃಢೀಕರಿಸಿಟ್ಕೊಳ್ಳಿ, ಒಂದೊಂದು ಗಂಟೆನೂ ದುಡ್ಡೇ.

ನನ್ನ ಅಭಿಪ್ರಾಯ ಕೇಳಿದ್ರೆ ಮೊದ್ಲು ಹೆಲಿಕಾಪ್ಟರ್ ಲೈಸೆನ್ಸೇ ಮಾಡ್ಕೊಳ್ಳಿ. ನಿಮ್ಮ ಅನುಭವ ಅಲ್ಲಿ ಪೂರ್ತಿ ತೂಗುತ್ತೆ, ಇನ್ನೂ ಮೇಲಿನ ಲೈಸೆನ್ಸ್ ಎಟಿಪಿಎಲ್ (ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್) ಹೆಲಿಕಾಪ್ಟರ್‌ಗೂ 1000 ಗಂಟೆ ಬೇಕಾಗಿರೋದು, ವಿಮಾನದ್ದಾದ್ರೆ 1500. ಮುಂಬೈ ಹೈ ತೈಲದ ಪ್ಲಾಟ್‌ಫಾರ್ಮ್‌ಗಳಿಗೆ ಹೋಗೋ ಕೆಲಸ, ಕೇದಾರನಾಥ, ಏರ್ ಆಂಬ್ಯುಲೆನ್ಸ್, ಇವಕ್ಕೆಲ್ಲ ಬೆಟ್ಟ ಸಮುದ್ರ ಕಂಡ ಕೈನೇ ಬೇಕು. ಕೈಲಿ ಸಂಬಳ ಬರ್ತಿರೋವಾಗ ವಿಮಾನದ ಗಂಟೆಗಳನ್ನ ನಿಧಾನಕ್ಕೆ ಕೂಡಿಸ್ಬೋದು. ಮನೆ ಅಡ ಇಟ್ಟು ಎ320 ಟೈಪ್ ರೇಟಿಂಗ್‌ಗೆ (ಆ ಒಂದು ಮಾದರಿ ವಿಮಾನ ಹಾರಿಸೋ ಅರ್ಹತೆಗೆ) ಮೊದ್ಲೇ ದುಡ್ಡು ಕಟ್ಟೋದನ್ನ ಮಾತ್ರ ಮಾಡ್ಬೇಡಿ.

ಪರೀಕ್ಷೆಗಳಲ್ಲಿ ಏರ್ ರೆಗ್ಯುಲೇಷನ್‌ನ ಗಂಭೀರವಾಗಿ ತಗೊಳ್ಳಿ. ಪಾಸಿಗೆ 70% ಬೇಕು. ನ್ಯಾವಿಗೇಷನ್, ಮೀಟಿಯರಾಲಜಿ ನಮಗೆ ಹಾರಿ ಹಾರಿ ಬಂದಿರುತ್ತೆ, ರೆಗ್ಯುಲೇಷನ್‌ನಲ್ಲೇ ಹಳೇ ಅಭ್ಯಾಸ ಅಡ್ಡ ಬರುತ್ತೆ. ಉದಾಹರಣೆಗೆ ಸಿವಿಲ್‌ನಲ್ಲಿ ಎಫ್‌ಎಲ್ 150, ಅಂದ್ರೆ ಸುಮಾರು ಹದಿನೈದು ಸಾವಿರ ಅಡಿ ಮೇಲೆ ವಿಎಫ್‌ಆರ್ (ಕಣ್ಣಲ್ಲೇ ನೋಡ್ಕೊಂಡು ಹಾರೋದು) ಇಲ್ಲ. ಸಿಯಾಚಿನ್‌ನಲ್ಲಿ ಇಪ್ಪತ್ತು ಸಾವಿರ ಅಡಿ ಹತ್ರ ಕಣ್ಣಲ್ಲೇ ನೋಡ್ಕೊಂಡು ಇಳಿಸಿದವ್ರಿಗೆ ಇದು ವಿಚಿತ್ರ ಅನ್ಸುತ್ತೆ, ಆದ್ರೆ ಉತ್ತರ ಬರೀಬೇಕಾದ್ದು ಸಿವಿಲ್ ರೂಲ್ಸ್ ಪ್ರಕಾರ. ನಾನು ಕುವೆಂಪುನಗರದ ಮನೆ ಮಹಡೀಲಿ ಬೆಳಗ್ಗೆ ಐದಕ್ಕೆ ಎದ್ದು ಮೂರು ತಿಂಗ್ಳು ಇದೊಂದನ್ನೇ ಓದ್ದೆ. ಹಾಗೇ ಏರ್‌ಫೋರ್ಸ್‌ನ ಇನ್‌ಸ್ಟ್ರುಮೆಂಟ್ ಅರ್ಹತೆ ಮಾಸ್ಟರ್ ಗ್ರೀನ್ ಇದೆ ಅಂದ ಮಾತ್ರಕ್ಕೆ ಸಿವಿಲ್ ಇನ್‌ಸ್ಟ್ರುಮೆಂಟ್ ರೇಟಿಂಗ್ ಬಂತು ಅಂತಲ್ಲ, ಅದು ಲೈಸೆನ್ಸ್ ಮೇಲೆ ಬೇರೆ ಎಂಟ್ರಿ. ರೇಡಿಯೋ ಪರೀಕ್ಷೆ ಆರ್‌ಟಿಆರ್ ಮೊದ್ಲು ಟೆಲಿಕಾಂ ಇಲಾಖೆಯವ್ರ ಕೈಲಿತ್ತು, 2025ರ ಜನವರಿ 1ಕ್ಕೆ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮದ ಕೆಳಗೆ ಡಿಜಿಸಿಎ ಕಡೆ ಬಂದಿದೆ, ಹಳೇ ನೋಟ್ಸ್‌ನಲ್ಲಿರೋ ವಿಳಾಸ ನಂಬ್ಕೊಂಡು ಓಡಾಡ್ಬೇಡಿ.

ಮೆಡಿಕಲ್‌ಗೆ ನಿಮ್ಮ ಏರ್‌ಫೋರ್ಸ್ ಮೆಡಿಕಲ್ ದರ್ಜೆ ಎ1ಜಿ1 ಇದ್ರೂ ಸಿವಿಲ್ ಕ್ಲಾಸ್ 1 ಬೇರೆ. ಬೆಂಗಳೂರಿನ ಐಎಎಂನಲ್ಲಿ (ಏರ್‌ಫೋರ್ಸ್‌ನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ) ಮಾಡಿಸ್ಬೋದು, ಆ ಜಾಗ ನಿಮಗೆ ಗೊತ್ತಿರೋದೇ.

ಇನ್ನೊಂದು ಎಚ್ಚರಿಕೆ. ಡಿಫೆನ್ಸ್‌ನವ್ರಿಗೆ ನಾವು ಎಲ್ಲ ವಿನಾಯಿತಿ ಕೊಡಿಸ್ತೀವಿ, ಪೇಪರ್ ನಮಗೆ ಬಿಡಿ ಅಂತ ಹೇಳೋರು ಸಿಕ್ತಾರೆ. ಒಂದು ಕೋಚಿಂಗ್‌ನವ್ರಿಗೆ ನಾನು ಗ್ರಾಚ್ಯುಟಿ ದುಡ್ಡಲ್ಲಿ ಫೀಸ್ ಕಟ್ಟಿದ್ದೆ, ಅವ್ರು ಮಾಡಿದ್ದು ನಾನು ಕೊಟ್ಟ ಲಾಗ್‌ಬುಕ್‌ನ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿದ್ದಷ್ಟೇ. ಅರ್ಜಿ ನೀವೇ ಡಿಜಿಸಿಎಯ ಇಜಿಸಿಎ ಪೋರ್ಟಲ್‌ನಲ್ಲಿ ಹಾಕ್ಬೋದು. ಗಂಟೆಗಳನ್ನ ಒಂದಕ್ಕೆ ಒಂದೂವರೆ ಮಾಡಿ ತುಂಬಿ ಕೊಡ್ತೀವಿ ಅನ್ನೋರೂ ಇದಾರೆ, ಅವ್ರ ಮನೆ ಬಾಗಿಲು ಕೂಡ ತುಳೀಬೇಡಿ, ಸಿಕ್ಕಿಬಿದ್ರೆ ಲೈಸೆನ್ಸೇ ಹೋಗುತ್ತೆ, ಅದಕ್ಕಿಂತ ನೀವು ಹಾರಿದ ನಿಜವಾದ ಗಂಟೆಗಳ ಮರ್ಯಾದೆನೂ ಹೋಗುತ್ತೆ.

ಈ ರಜೇಲಿ ಊರಿಗೆ ಬಂದಾಗ ಎರಡು ಕೆಲ್ಸ ಮುಗಿಸ್ಕೊಂಡು ಹೋಗಿ. ಡಿಜಿಸಿಎ ಪರೀಕ್ಷೆಗೆ ಕಂಪ್ಯೂಟರ್ ನಂಬರ್ (ಅಭ್ಯರ್ಥಿಗೆ ಅವ್ರು ಕೊಡೋ ನೋಂದಣಿ ಸಂಖ್ಯೆ) ಬೇಕು, ಅದಕ್ಕೆ ಫಿಸಿಕ್ಸ್, ಮ್ಯಾಥ್ಸ್ ಇರೋ ಪಿಯುಸಿ ಅಂಕಪಟ್ಟಿ ಅಸಲಿ ಅಂತ ಬೋರ್ಡ್‌ನಿಂದ ವೆರಿಫಿಕೇಷನ್ ಆಗ್ಬೇಕು, ಬೆಂಗಳೂರಿಗೆ ಒಂದಿನ ಹೋಗಿ ಅರ್ಜಿ ಕೊಟ್ಬಿಡಿ. ಇನ್ನೊಂದು, ಪರೀಕ್ಷೆ ಬರೆಯೋಕೆ ಯೂನಿಟ್‌ನಿಂದ ಅನುಮತಿ ಬರವಣಿಗೇಲಿ ತಗೊಳ್ಳಿ. ಯಾವ ಯೂನಿಟ್‌ನ ಪೇಜ್‌ಗೆ ಸಹಿ ಬಾಕಿ ಇದೆ ನೋಡಿ ಇಲ್ಲೇ ಕಾಮೆಂಟಲ್ಲಿ ಬರೀರಿ, ಸರ್ಟಿಫಿಕೇಟ್‌ಗೆ ನಾನು ಬರೆದಿದ್ದ ಪತ್ರದ ಒಕ್ಕಣೆ ಇನ್ನೂ ಇದೆ, ಹಾಕ್ತೀನಿ.